ಅಕ್ಕೋರು ಬಾಯಲ್ಲಿ ನೀರು ಹಿಡಿದಾಗ

ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣೀರು ಬಾರದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆಯ ಮೇಲೆ ಹಾನಗಲ್ಲಿನ ನಮ್ಮ ಓಣಿಯಲ್ಲಿ ನಡೆದಷ್ಟು ವಾದವಿವಾದ, ನಾನು ಆಯುಷ್ಯ ಸವೆಸಿದ ಕೋರ್ಟಿನಲ್ಲಿಯೂ ನಡೆದಿರಲಿಕ್ಕಿಲ್ಲ. ಕೋರ್ಟಿನಲ್ಲಿ ಒಂದು ಪಕ್ಷ ಅಳುತ್ತ ಮನೆಗೆ ಹೋದರೆ ಇನ್ನೊಂದು ನಗುತ್ತ ಹೋಗುತ್ತದೆ. ಈ ವಿಷಯದಲ್ಲಿ ಮಾತ್ರ ವಾದಿ, ಪ್ರತಿವಾದಿ, ಸಾಕ್ಷಿದಾರರೆಲ್ಲರೂ ಗೆದ್ದವರೇ. ಎಲ್ಲರೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಗೆದ್ದವರು.

ದರ್ಜಿಯ ಹೆಂಡತಿಯದು, ಹೆಚ್ಚಿದ ಮೊದಲ ಹೋಳನ್ನು ನೆತ್ತಿಯ ಮೇಲಿಟ್ಟುಕೊಂಡರೆ ಘಾಟೆಲ್ಲ ಅಲ್ಲಿಗೇ ಹೋಗುತ್ತದೆ ಎನ್ನುವ ಪಕ್ಷ. ಮೂಲೆಮನೆಯ ಅಜ್ಜಿಯದು ಹಲ್ಲಿನಲ್ಲಿ ಬೆಂಕಿಕಡ್ಡಿ ಕಚ್ಚಿಕೊಳ್ಳುವ ಪಕ್ಷ. ಆಕೆಗೆ ಹಲ್ಲೇ ಉಳಿದಿರಲಿಲ್ಲವಾದ್ದರಿಂದ ವಾದವನ್ನು ಪುರಾವೆಯಿಂದ ಸಾಬೀತುಪಡಿಸಲಾಗಲಿಲ್ಲ. ಮೊಬೈಲು ನೋಡಿ ಅಡಿಗೆ ಕಲಿತ ಹೊಸ ಸೊಸೆಯಂದಿರು ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ, ಫ್ಯಾನು ಹಚ್ಚಿಕೊಂಡು ಕೂಡಿರಿ ಎಂದರು. ಫ್ಯಾನಿನ ಗಾಳಿಗೆ ಸಿಪ್ಪೆಗಳು ಹಾರಿ ದೇವರ ಮನೆಗೆ ಬಿದ್ದವು, ಅಷ್ಟೇ ಲಾಭ. ನನ್ನ ಸ್ವಂತ ಪದ್ಧತಿ ಇವೆಲ್ಲಕ್ಕಿಂತ ಖಾತ್ರಿಯದು. ನಮ್ಮ ಮನೆಯಲ್ಲಿ ಉಳ್ಳಾಗಡ್ಡಿಯನ್ನು ಹೆಂಡತಿ ಹೆಚ್ಚುತ್ತಿದ್ದಳು. ನನ್ನ ಕಣ್ಣಿಗೆ ಎಂದೂ ಬಾಧೆಯಾಗಲಿಲ್ಲ.

ಒಣಗಣ್ಣಿನಿಂದ ಉಳ್ಳಾಗಡ್ಡಿ ಹೆಚ್ಚುತ್ತಿದ್ದವರು ಇಡೀ ಓಣಿಗೆ ಒಬ್ಬರೇ: ನಮ್ಮ ಪಕ್ಕದ ಮನೆಯ ಅಕ್ಕೋರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ಸಾಲಿ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಅನ್ನುತ್ತಾರೆ. ಅವರ ಉಪಾಯ ಇಷ್ಟೇ. ಈಳಿಗೆಯ ಮುಂದೆ ಕೂಡುವ ಮೊದಲು ಹಿತ್ತಾಳೆ ತಂಬಿಗೆ ಎತ್ತಿ ಬಾಯಿ ತುಂಬ ನೀರು ಹಾಕಿಕೊಳ್ಳುವರು. ಎರಡೂ ಗಲ್ಲ ಉಬ್ಬುವವು. ಚಾಳೀಸನ್ನು, ಅಂದರೆ ಕನ್ನಡಕವನ್ನು, ಹಣೆಗೆ ಏರಿಸುವರು, ಬಲಗಾಲಿನಿಂದ ಈಳಿಗೆಯ ಮಣೆಯನ್ನು ಒತ್ತಿ ಹಿಡಿಯುವರು, ಸರಕ್ ಸರಕ್ ಎಂದು ಶುರುವಾಗುವುದು. ಕೊನೆಯ ಗಡ್ಡಿ ಮುಗಿಯುವ ತನಕ ನೀರು ಬಾಯಲ್ಲೇ. ಆಮೇಲೆ ಎದ್ದು ಹಿತ್ತಿಲಿಗೆ ಹೋಗಿ ಕರಿಬೇವಿನ ಗಿಡದ ಬುಡಕ್ಕೆ ಅದನ್ನು ಉಗುಳಿ ಬರುವರು.

ಅಕ್ಕೋರು ತೀರಿಕೊಂಡದ್ದು ಈ ಬೇಸಿಗೆಯಲ್ಲಿ. ಅವರ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ, ಅದನ್ನು ಮೊದಲೇ ದಾಖಲೆಗೆ ತರುವುದು ಒಳ್ಳೆಯದು. ಅವರು ಹೋದ ದಿನದಿಂದ ನಮ್ಮ ಮನೆಯಲ್ಲಿ ಮಾತು ನಿಂತುಹೋಯಿತು. ಜಗಳವೇನೂ ಇಲ್ಲ. ಹೆಂಡತಿ ಚಹಾ ಕೊಡುತ್ತಿದ್ದಳು, ಗುಳಿಗೆ ತಗೊಂಡಿರೋ ಇಲ್ಲೋ ಎಂದು ಕೇಳುತ್ತಿದ್ದಳು. ಅದರಾಚೆ ಇಲ್ಲ. ಸಂಜೆ ಹಿತ್ತಿಲ ಕಟ್ಟೆಯ ಮೇಲೆ ಕೂತು ಗೋಡೆಯಾಚೆ ನೋಡುತ್ತಿದ್ದಳು. ಅಕ್ಕೋರು ಕೊನೆಗೆ ಅವಳ ಹತ್ತಿರ ಏನೋ ಹೇಳಿದ್ದರು. ಏನೆಂದು ನನಗೆ ಗೊತ್ತಿರಲಿಲ್ಲ. ಅದನ್ನೇ ಒಳಗಿಟ್ಟುಕೊಂಡು ಅವಳು ಇಷ್ಟು ತಿಂಗಳು ಕಳೆದಳು. ಅವಳ ಮಾತಿಗಾಗಿ ನಾನು ಹಂಬಲಿಸಿದೆ. ಈ ವಯಸ್ಸಿನಲ್ಲಿ ಇಂಥದನ್ನು ಬರೆಯಲು ಸಂಕೋಚವೇ, ಆದರೆ ಬರೆಯದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅಕ್ಕೋರು ಮಾತಿನವರು. ಇದು ಬಹಳ ಸೌಮ್ಯವಾಗಿ ಹೇಳಿದ್ದಾಯಿತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಶುರುವಾದದ್ದು ರಾತ್ರಿ ಅಗಳಿ ಹಾಕುವಾಗ ಮುಗಿಯುತ್ತಿತ್ತು. ಹಾಲಿನವನ ಜೊತೆ ಅವನ ಎಮ್ಮೆಯ ಸ್ವಭಾವ, ಸಿಲಿಂಡರಿನವನ ಜೊತೆ ಅವನ ಬೆನ್ನುನೋವು. ಇವರಾರೂ ಸಿಗದಿದ್ದರೆ ಬಾಗಿಲಲ್ಲಿ ಮಲಗಿದ ನಾಯಿಗೆ, "ಏನೋ, ನಿನ್ನೆ ಎಲ್ಲಿ ಹೋಗಿದ್ದಿ? ಮಾರಿ ನೋಡು ಹೆಂಗ ಮಾಡ್ಕೊಂಡೀ" ಎನ್ನುವರು. ಒಮ್ಮೆ ಸವಣೂರಿನಿಂದ ಶಿಗ್ಗಾಂವಿಗೆ ಬಸ್ಸಿನಲ್ಲಿ ಹೋಗುವಾಗ ಪಕ್ಕದ ಸೀಟಿನ ಹೆಂಗಸಿಗೆ ಯಾವುದೋ ಲಗ್ನದ ಕಥೆ ಹೇಳುತ್ತಿದ್ದರಂತೆ. ಆಕೆ ನಡುವಿನ ಹಳ್ಳಿಯಲ್ಲಿ ಇಳಿಯುವವಳು. ಕಥೆಯಲ್ಲಿ ಹುಡುಗಿಯ ಕಡೆಯವರು ಇನ್ನೂ ಸಿಟ್ಟಿನಲ್ಲೇ ಇದ್ದುದರಿಂದ ಇಳಿಯಲಿಲ್ಲ. ಶಿಗ್ಗಾಂವಿನ ತನಕ ಬಂದು, ರಾಜಿಯಾದದ್ದನ್ನು ಕೇಳಿಕೊಂಡು, ಬೇರೆ ಬಸ್ಸು ಹಿಡಿದು ಹಿಂದಕ್ಕೆ ಹೋದಳಂತೆ.

ಇಂಥ ಹೆಂಗಸು ದಿನಕ್ಕೊಮ್ಮೆ ಬಾಯಲ್ಲಿ ನೀರು ಹಿಡಿದು ಕೂಡುವುದೆಂದರೆ ಓಣಿಯ ಮಟ್ಟಿಗೆ ಅದೊಂದು ಸಾರ್ವಜನಿಕ ಸೌಲಭ್ಯ. ಅಕ್ಕೋರಿಗೆ ಏನಾದರೂ ಹೇಳಬೇಕೆಂದರೆ ಅದೊಂದೇ ವೇಳೆ. ಮಿಕ್ಕ ವೇಳೆಯಲ್ಲಿ ನೀವು "ಅಕ್ಕೋರ, ನನಗ..." ಎನ್ನುವಷ್ಟರಲ್ಲಿ ಅವರು, "ಹೌದವಾ, ನನಗೂ ಹಂಗ, ನೋಡು, ನಿನ್ನೆ ಏನಾತು" ಎಂದು ನಿಮ್ಮ ಮಾತನ್ನು ಜಪ್ತಿ ಮಾಡಿಬಿಡುವರು. ಹೀಗಾಗಿ ಸಂಜೆ ಅವರ ಮನೆಯಿಂದ ಈಳಿಗೆಯ ಸದ್ದು ಕೇಳಿಸಿತೆಂದರೆ ಓಣಿಯ ಯಾವುದಾದರೊಂದು ಬಾಗಿಲು ತೆರೆದುಕೊಳ್ಳುತ್ತಿತ್ತು. ಮೊದಮೊದಲು ನನಗೆ ಇದು ತಿಳಿಯಲಿಲ್ಲ. ಹಿರೇಕೆರೂರಿನಿಂದ ವರ್ಗವಾಗಿ ಹಾನಗಲ್ಲಿಗೆ ಬಂದು ಆ ಓಣಿಯಲ್ಲಿ ಮನೆ ಹಿಡಿದಿದ್ದೆ. ನನ್ನ ಹೆಂಡತಿ ಹಂಸಭಾವಿಯವಳು. ಊರು ಬಿಟ್ಟು ಬಂದವಳು, ಹೊಸ ಊರಿನಲ್ಲಿ ಯಾರ ಜೊತೆಗೂ ಮಾತಿಲ್ಲ, ಕಿಟಕಿಯ ಸರಳು ಹಿಡಿದುಕೊಂಡು ನಿಂತಿರುತ್ತಿದ್ದಳು. ನಾನು ಅವಳಿಗೆ ಹಾನಗಲ್ಲಿನ ಐತಿಹಾಸಿಕ ಮಹತ್ವವನ್ನು ಕುರಿತು ಸಮಾಧಾನ ಹೇಳುತ್ತಿದ್ದೆ. ಅದರಿಂದ ಅವಳಿಗೆ ಏನೂ ಉಪಕಾರವಾದಂತೆ ಕಾಣಲಿಲ್ಲ.

ಒಂದು ದಿನ ಗೋಡೆಯಾಚೆಯಿಂದ ಕೂಗು ಬಂತು.

"ಏ ತಂಗೀ, ಎಷ್ಟ ಹೊತ್ತ ನಿಂದರ್ತೀ ಅಲ್ಲೆ? ಕಿಡಕಿ ಸವದೀತು. ಉಳ್ಳಾಗಡ್ಡಿ ಹೆಚ್ಚೂದೈತಿ, ಬಾ, ಕುಂದರ."

ಹೋದವಳು ಕತ್ತಲಾದ ಮೇಲೆ ಬಂದಳು. ಕೈಯಲ್ಲೊಂದು ಮುಚ್ಚಿದ ಬಟ್ಟಲು. ಮುಖ ತೊಳೆದುಕೊಂಡಂತೆ ಇತ್ತು. "ಏನಂದರು?" ಎಂದು ಕೇಳಿದೆ.

"ಅವ್ರೇನೂ ಅನ್ನಲಿಲ್ರಿ."

"ಅಕ್ಕೋರು ಏನೂ ಅನ್ನಲಿಲ್ಲವೇ?" ಎಂದು ನಾನು ಬೆರಗಾದೆ. ಮನೆ ಹಿಡಿದು ಒಂದು ವಾರದಲ್ಲಿಯೇ ನನಗೆ ಅಕ್ಕೋರ ಖ್ಯಾತಿ ಗೊತ್ತಾಗಿತ್ತು.

"ಬಾಯಾಗ ನೀರಿತ್ತಲ್ರಿ" ಎಂದು ನಕ್ಕಳು. ಹಾನಗಲ್ಲಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಬಟ್ಟಲಿನಲ್ಲಿ ಝುಣಕವಿತ್ತು. ನಮ್ಮ ಕಡೆ ಕಡಲೆಹಿಟ್ಟು, ಉಳ್ಳಾಗಡ್ಡಿ ಹಾಕಿ ಗಟ್ಟಿಯಾಗಿ ಕುದಿಸಿ ರೊಟ್ಟಿಯ ಜೊತೆಗೆ ತಿನ್ನುವಂಥದು. ಹಿಟ್ಟು ಒಂದು ಹಿಡಿಯಾದರೆ ಉಳ್ಳಾಗಡ್ಡಿ ಎಷ್ಟಾದರೂ ಹಿಡಿಸುತ್ತದೆ, ಅದೇ ಅದರ ಗುಣ. ಅಕ್ಕೋರು ಒಬ್ಬರೇ ಇರುವವರು. ಅವರ ಒಂದು ರೊಟ್ಟಿಗೆ ಅರ್ಧ ಗಡ್ಡಿ ಸಾಕು. ಆದರೆ ಹೇಳುವವರ ಮಾತು ಮುಗಿಯುವ ತನಕ ಅವರು ಬುಟ್ಟಿಯಿಂದ ಇನ್ನೊಂದು, ಇನ್ನೊಂದು ಎಂದು ತೆಗೆದುಕೊಳ್ಳುತ್ತಲೇ ಇರುತ್ತಿದ್ದರು. ಹೆಚ್ಚಿದ್ದನ್ನು ಏನು ಮಾಡುವುದು? ಝುಣಕ ಮಾಡಿ ಮನೆಮನೆಗೆ ಕಳಿಸುವುದು. ಬಟ್ಟಲುಗಳು ಎಷ್ಟು ಮನೆಗೆ ಹೋದವು ಎಂಬುದರ ಮೇಲೆ ಆ ದಿನ ಅಕ್ಕೋರ ಅಡಿಗೆಮನೆಗೆ ಬಂದವರ ದುಃಖ ಎಷ್ಟು ದೊಡ್ಡದಿತ್ತು ಎಂದು ಓಣಿ ಅಂದಾಜು ಕಟ್ಟುತ್ತಿತ್ತು. ಅತ್ತೆ-ಸೊಸೆಯ ಮಾಮೂಲಿ ತಕರಾರಾದರೆ ಎಡಬಲದ ಮನೆಗಳಿಗಷ್ಟೇ. ದರ್ಜಿಯ ಮಗಳು ತವರಿಗೆ ತಿರುಗಿ ಬಂದ ದಿನ ಓಣಿಯ ಎರಡೂ ತುದಿಯ ತನಕ ಝುಣಕ ಮುಟ್ಟಿತು, ನೀರಿನ ಪಂಪಿನ ಮನೆಯ ವಾಚಮನ್ನಿಗೂ ಸಿಕ್ಕಿತು. ಯಾರೂ ಏನೂ ಕೇಳಲಿಲ್ಲ. ಎಲ್ಲರೂ ತಿಂದೆವು. ತಮ್ಮತಮ್ಮ ಸಂಕಟವನ್ನು ತಾವೇ ಹಂಚಿ ತಿಂದ ಓಣಿ ಈ ಸೀಮೆಯಲ್ಲಿ ಇನ್ನೊಂದಿತ್ತೋ ಇಲ್ಲವೋ.

ನೀರನ್ನು ಕರಿಬೇವಿಗೆ ಉಗುಳಿ ಬಂದ ಮೇಲೆ ಅಕ್ಕೋರು ಕೇಳಿದ್ದರ ಬಗ್ಗೆ ಒಂದಕ್ಷರ ಆಡುತ್ತಿರಲಿಲ್ಲ. ಬುದ್ಧಿವಾದವಿಲ್ಲ, ಪಾಪ ಎನ್ನುವುದಿಲ್ಲ, ಹಾಗೆ ಮಾಡು ಹೀಗೆ ಮಾಡು ಎನ್ನುವುದಿಲ್ಲ. ಸೀದಾ ತಮ್ಮ ಮಾತಿಗೆ ಬರುವರು. ಊರಿನ ಎಲ್ಲ ಸುದ್ದಿಯನ್ನೂ ಊರಿಗೆಲ್ಲ ಹೇಳುವ ಹೆಂಗಸು, ಈಳಿಗೆಯ ಮುಂದೆ ಕೇಳಿದ್ದೊಂದನ್ನು ಎಂದೂ ಎಲ್ಲಿಯೂ ಹೇಳಿದ್ದಿಲ್ಲ. ಆ ಕರಿಬೇವಿನ ಗಿಡ ಮಾತ್ರ ಆಳೆತ್ತರ ದಾಟಿ ಗೋಡೆಯ ಮೇಲಿಂದ ನಮ್ಮ ಹಿತ್ತಿಲಿಗೆ ಬಾಗಿತು.

ನಾನೂ ಒಮ್ಮೆ ಹೋಗಿದ್ದೆ. ಬಟ್ಟಲು ತಿರುಗಿ ಕೊಡುವ ನೆವದಿಂದ. ಬೆಳಿಗ್ಗೆ ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತು. ನಾನು ಚಹಾ ಕೇಳುವುದಕ್ಕೂ ಅರ್ಜಿಯ ಭಾಷೆ ಬಳಸುತ್ತೇನೆಂಬುದು ಹೆಂಡತಿಯ ಆಪಾದನೆ. ಅದು ನಿರಾಧಾರವೆಂದು ನಾನು ಲಿಖಿತವಾಗಿ ಅಲ್ಲದಿದ್ದರೂ ವಿವರವಾಗಿ ಉತ್ತರಿಸಿದ್ದೆ. ಅಕ್ಕೋರು ಆಗಲೇ ಗಲ್ಲ ಉಬ್ಬಿಸಿಕೊಂಡು ಕೂತಿದ್ದರು. ಹುಬ್ಬಿನಿಂದ ಹೊಸ್ತಿಲು ತೋರಿಸಿದರು. ಕೂತೆ. ಒಂದು ಉಳ್ಳಾಗಡ್ಡಿ ನನ್ನ ಕಡೆ ಉರುಳಿಸಿದರು. ಸುಲಿಯತೊಡಗಿದೆ. ಅದೊಂದು ಅವರ ಕ್ರಮ, ಹೇಳುವವರ ಕೈಗೆ ಕೆಲಸ ಕೊಡುವುದು. ಇದರಿಂದ ಆ ಅಡಿಗೆಮನೆಯಲ್ಲಿ ಹೆಚ್ಚುವವರ ಕಣ್ಣು ಒಣಗಿದ್ದು, ಸುಲಿಯುವವರ ಕಣ್ಣು ಹಸಿಯಾಗಿರುತ್ತಿತ್ತು. ಸುಲಿಯುವುದಕ್ಕೆ ಅಷ್ಟು ಘಾಟು ಇರುವುದಿಲ್ಲ ಎಂದು ಯಾರೂ ತಕರಾರು ಎತ್ತುತ್ತಿರಲಿಲ್ಲ.

ನಾನು ಪ್ರಕರಣವನ್ನು ಕ್ರಮವಾಗಿ ಮಂಡಿಸಿದೆ. ಅಕ್ಕೋರ ಎಡಹುಬ್ಬು ಆಗಾಗ ಮೇಲೆ ಹೋಗುತ್ತಿತ್ತು. ನಾನು ತಡವರಿಸಿದರೆ ಅವರ ಕೈಯೂ ನಿಲ್ಲುತ್ತಿತ್ತು, ಗಡ್ಡಿ ಈಳಿಗೆಯ ಬಾಯಿಗೆ ತಾಗಿ ಹಾಗೇ ಇರುತ್ತಿತ್ತು. ಮತ್ತೆ ಶುರು ಮಾಡಿದರೆ ಸರಕ್ ಎನ್ನುತ್ತಿತ್ತು. ಚಹಾದ ವಿಷಯ ಬೇಗ ಮುಗಿಯಿತು. ಎದ್ದುಬಿಡಬೇಕಾಗಿತ್ತು. ಆದರೆ ಅಕ್ಕೋರು ಇನ್ನೊಂದು ಗಡ್ಡಿ ತೆಗೆದುಕೊಂಡರು. ತೆಗೆದುಕೊಂಡ ಮೇಲೆ ಸುಮ್ಮನೆ ಕೂಡುವುದು ಸರಿಯಲ್ಲವೆಂದು ಏನೋ ಹೇಳಿದೆ. ಅದು ಹೇಗೋ ನಮ್ಮ ಅಪ್ಪನ ಕಡೆ ತಿರುಗಿತು. ಅಪ್ಪ ತೀರಿದ ದಿನ ನಾನು ಅಳಲಿಲ್ಲ. ಹಿರಿಯ ಮಗ, ನೂರಾರು ವ್ಯವಸ್ಥೆ ನೋಡಬೇಕಿತ್ತು, ನೋಡಿದೆ. ಅಳುವುದನ್ನು ಆಮೇಲೆ ನೋಡೋಣವೆಂದು ಮುಂದಕ್ಕೆ ಹಾಕಿದ್ದು ಹಾಗೇ ಉಳಿದಿತ್ತು. ಅವತ್ತು ಆ ಹೊಸ್ತಿಲಲ್ಲಿ, ಕೈಯಲ್ಲಿ ಅರ್ಧ ಸುಲಿದ ಉಳ್ಳಾಗಡ್ಡಿ ಹಿಡಿದುಕೊಂಡು, ಬಾಕಿ ಉಳಿದ ಆ ಕೆಲಸವನ್ನು ಮುಗಿಸಿದೆ.

ಅಕ್ಕೋರು ಎದ್ದು ಹಿತ್ತಿಲಿಗೆ ಹೋಗಿ ಬಂದರು. ಸೆರಗಿಗೆ ಬಾಯಿ ಒರೆಸಿಕೊಂಡರು.

"ಅಲ್ರಿ ಸಾಹೇಬ್ರ, ನಿಮ್ಮ ಕೋರ್ಟಿನ ಹಿಂದ ಹುಣಸಿಗಿಡ ಐತೆಲ್ಲ, ಅದರ ಕಾಯಿ ಯಾರ ಬಡ್ಕೊಂಡ ಹೋಗ್ತಾರ? ವರ್ಷಾ ನೋಡಾಕತ್ತೇನಿ, ನಮ್ಮ ಓಣಿಗಿ ಒಂದ ಬೊಟ್ಟಿನಷ್ಟೂ ಬರೂದಿಲ್ಲ. ನೀವ ಅಲ್ಲೇ ಇದ್ದ ಏನ ಮಾಡ್ತೀರಿ?"

ಹುಣಸೆಹಣ್ಣಿನ ವಿಷಯದಲ್ಲಿ ನನ್ನ ನಿರ್ಲಕ್ಷ್ಯವನ್ನು ಅವರು ಬಹಳ ಹೊತ್ತು ವಿಚಾರಿಸಿದರು. ಮನೆಗೆ ಬರುವಾಗ ಹಗುರಾಗಿದ್ದೆ. ರಾತ್ರಿ ಊಟಕ್ಕೆ ಅಕ್ಕೋರ ಝುಣಕ ಬಂತು. ಹೆಂಡತಿ ಒಂದು ತುತ್ತು ಬಾಯಿಗಿಟ್ಟುಕೊಂಡು, "ಇವತ್ತ ಯಾರ ಹೋಗಿದ್ರೋ ಏನೋ. ಉಳ್ಳಾಗಡ್ಡಿ ಭಾಳ ಬಿದ್ದಾವ" ಎಂದಳು. ನಾನು ಸಂಬಂಧವಿಲ್ಲದ ಸಾಕ್ಷಿಯ ಮುಖ ಮಾಡಿಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಶಿಗ್ಗಾಂವಿನಲ್ಲಿ ಅಕ್ಕೋರ ತಮ್ಮನ ಮನೆ. ತಮ್ಮನ ಮಗಳು ಒಮ್ಮೆ ಅತ್ತೆಗೆಂದು ಒಂದು ಯಂತ್ರ ತಂದಳು. ಪ್ಲಾಸ್ಟಿಕ್ಕಿನ ಡಬ್ಬಿ, ಮುಚ್ಚಳಕ್ಕೊಂದು ದಾರ. ಉಳ್ಳಾಗಡ್ಡಿ ಒಳಗೆ ಹಾಕಿ ದಾರ ಜಗ್ಗಿದರೆ ಮುಗಿಯಿತು. ಡಬ್ಬಿ ಮುಚ್ಚಿರುವುದರಿಂದ ಘಾಟಿಲ್ಲ, ಕಣ್ಣೀರಿಲ್ಲ. ಓಣಿಯ ಸಮಸ್ಯೆಗೆ ವಿಜ್ಞಾನ ಕೊನೆಯ ತೀರ್ಪು ಕೊಟ್ಟಿದೆಯೆಂದು ಎಲ್ಲರೂ ನೋಡಲು ಕೂಡಿದೆವು. ಹುಡುಗಿ ದಾರ ಜಗ್ಗಿದಳು, ಗರ್ ಎಂದಿತು, ತೆರೆದು ತೋರಿಸಿದಳು. ಆ ದಿನ ಏನನ್ನೋ ಹೇಳಲೆಂದೇ ಬಂದು ಹೊಸ್ತಿಲಲ್ಲಿ ಕೂತಿದ್ದ ದರ್ಜಿಯ ಹೆಂಡತಿ, ಇನ್ನೂ ಗಂಟಲು ಸರಿಪಡಿಸಿಕೊಳ್ಳುತ್ತಿದ್ದವಳು, ತೆರೆದ ಬಾಯಿ ತೆರೆದಂತೆಯೇ ಡಬ್ಬಿಯನ್ನು ನೋಡಿದಳು. ಅಕ್ಕೋರು ಡಬ್ಬಿ ನೋಡಿದರು, ಆಕೆಯನ್ನು ನೋಡಿದರು.

"ಛಲೋ ಐತೆವಾ" ಎಂದರು. "ಆದ್ರ ಭಾಳ ಅವಸರದ್ದು."

ಡಬ್ಬಿಯನ್ನು ಒರೆಸಿ ಅಟ್ಟಕ್ಕೆ ಹಾಕಿದರು. ತಂಬಿಗೆ ಎತ್ತಿ ನೀರು ತುಂಬಿಕೊಂಡು ಈಳಿಗೆಯ ಮುಂದೆ ಕೂತರು.

ಸವಣೂರಿನ ಒಂದು ಲಗ್ನದ ಮನೆಯಲ್ಲಿ ನಡೆದದ್ದನ್ನೂ ಹೇಳಬೇಕು. ಹಿಂದಿನ ದಿನ ಅಕ್ಕೋರನ್ನು ಉಳ್ಳಾಗಡ್ಡಿ ಚೀಲದ ಮುಂದೆ ಕೂಡಿಸಿದ್ದರು. ಸಂಜೆಗೆ ಸ್ವತಃ ಮದುಮಗಳು, ಅರಿಸಿನ ಹಚ್ಚಿಕೊಂಡ ಕೈಯಿಂದ ಉಳ್ಳಾಗಡ್ಡಿ ಸುಲಿಯುತ್ತ ಅವರ ಮುಂದೆ ಕೂತುಬಿಟ್ಟಳು. ಅಡಿಗೆಯವನು ಬಂದು, "ಸಾಕ್ರಿ ಅಕ್ಕೋರ, ಸಾರಿಗಿ ಸಾಕು" ಎಂದ. ಕೈ ನಿಲ್ಲಲಿಲ್ಲ. ಮತ್ತೆ ಬಂದು, "ಪಲ್ಲೇಕ್ಕೂ ಸಾಕ್ರಿ" ಎಂದ. ನಿಲ್ಲಲಿಲ್ಲ. ಮರುದಿನ ಲಗ್ನ ಸುಸೂತ್ರವಾಗಿ ಆಯಿತು, ಹುಡುಗಿ ನಗುನಗುತ್ತ ಇದ್ದಳು. ಪಂಕ್ತಿಯಲ್ಲಿ ಯಾರೂ ಕೇಳದೆ ಉಳ್ಳಾಗಡ್ಡಿ ಬಜಿ ಬಂದಾಗ ಬೀಗರು, "ಇದೇನ್ರಿ, ನಿಮ್ಮ ಕಡೆ ಪದ್ಧತೇನ್ರಿ?" ಎಂದರು. "ಹೌದ್ರಿ, ಹಳೇದು" ಎಂದರು ಅಕ್ಕೋರು.

ಅವರ ಈ ಉಪಾಯ ಬೇರೆ ಯಾರಿಗೂ ಫಲಿಸಲಿಲ್ಲ ಎಂಬುದೇ ಸೋಜಿಗ. ಓಣಿಯ ಹೆಂಗಸರೆಲ್ಲ ಬಾಯಲ್ಲಿ ನೀರು ಹಿಡಿದು ನೋಡಿದರು. ಒಬ್ಬಳಿಗೆ ನಗು ಬಂದು ನೀರು ಮೂಗಿನಿಂದ ಬಂತು, ಇನ್ನೊಬ್ಬಳು ಗಂಡನನ್ನು ಬೈಯಬೇಕಾಗಿ ಬಂದು ನಡುವೆಯೇ ಉಗುಳಿದಳು. ತಡೆದು ಹಿಡಿದವರಿಗೂ ಕಣ್ಣೀರು ಬಂದೇ ಬಂತು. ಅಕ್ಕೋರಿಗೆ ಮಾತ್ರ ಬರುತ್ತಿರಲಿಲ್ಲ. ಮೂಲೆಮನೆಯ ಅಜ್ಜಿ, "ಆಕೀಗಿ ಕಣ್ಣೀರ ಎಲ್ಲಿ ಉಳದಾವ? ಗಂಡ ಹ್ವಾದಾಗ ಎಲ್ಲಾ ತೀರ್ಯಾವ" ಎನ್ನುತ್ತಿದ್ದಳು.

ಗಂಡನನ್ನು ನಾವು ನೋಡಿದವರಲ್ಲ. ಅಕ್ಕೋರು ಈ ಓಣಿಗೆ ಬರುವ ಮುಂಚೆಯೇ ಅವರು ಚಿಕ್ಕ ವಯಸ್ಸಿನಲ್ಲೇ ಹೋಗಿದ್ದರು. ಗೋಡೆಯ ಮೇಲೊಂದು ಫೋಟೋ ಇತ್ತು. ಖಾಕಿ ಅಂಗಿ, ತೆಳ್ಳನೆ ಮುಖ, ಏನನ್ನೋ ಹೇಳಬೇಕೆಂದು ಸರದಿ ಕಾಯುತ್ತಿರುವವರ ಹಾಗೆ. ಹಾನಗಲ್ಲಿನಿಂದ ಹಿರೇಕೆರೂರಿಗೆ ಬಸ್ಸು ಓಡಿಸುತ್ತಿದ್ದರಂತೆ. ಎಮ್ಮೆ, ನಾಯಿ, ಹುಣಸೆಗಿಡ ಎಲ್ಲದರ ಬಗ್ಗೆ ಮಾತಾಡುವ ಅಕ್ಕೋರು ಆ ಫೋಟೋದ ಬಗ್ಗೆ ಒಂದೇ ವಾಕ್ಯ ಹೇಳುತ್ತಿದ್ದರು. "ನಮ್ಮ ಮನಿಯವ್ರು ಮಾತ ಕಮ್ಮಿರಿ." ಅಷ್ಟಕ್ಕೆ ಮುಗಿಸಿ ಬೇರೆ ಸುದ್ದಿಗೆ ಹೋಗುತ್ತಿದ್ದರು.

ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಅಕ್ಕೋರು ಹಾಸಿಗೆ ಹಿಡಿದರು. ತಮ್ಮ ಬಂದು ಶಿಗ್ಗಾಂವಿಗೆ ಕರೆದುಕೊಂಡು ಹೋದ. ಮಾತು ಕಡಿಮೆಯಾಗಿದೆ ಎಂದು ಅವನು ಫೋನಿನಲ್ಲಿ ಹೇಳಿದಾಗಲೇ ನಾವು ಹೆದರಿದೆವು. ನೋಡಲು ಹೋದೆವು. ಹೆದ್ದಾರಿಯ ಪಕ್ಕದ ಮನೆ, ಲಾರಿ ಹೋದಾಗಲೆಲ್ಲ ಗ್ಲಾಸು ಅಲುಗುತ್ತಿದ್ದವು. ಅಡಿಗೆಮನೆಗೆ ಹತ್ತಿದ ಪಡಸಾಲೆಯಲ್ಲಿ ಮಂಚ ಹಾಕಿದ್ದರು. ಅಕ್ಕೋರು ನಮ್ಮನ್ನು ನೋಡಿ ನಕ್ಕರು. "ಹೂಂ" ಎಂದರು. ಅಷ್ಟೇ.

ಆ ಹೂಂ ಕೇಳಿ ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚದಿದ್ದಾಗ ನಾನು ಮಾತಾಡುತ್ತೇನೆ. ಕೋರ್ಟಿನ ಸುದ್ದಿ, ಹುಣಸೆಗಿಡ ಕಡಿದ ಸುದ್ದಿ, ಹಾನಗಲ್ಲಿನಲ್ಲಿ ಭತ್ತದ ಧಾರಣೆ, ಎಲ್ಲವನ್ನೂ ವಿವರಿಸತೊಡಗಿದೆ. ಅಕ್ಕೋರು ಸೂರು ನೋಡುತ್ತಿದ್ದರು. ತಮ್ಮನ ಹೆಂಡತಿ ಸಂತೆಗೆ ಹೋಗಿದ್ದಳು. ನನ್ನ ಹೆಂಡತಿ ಸುತ್ತ ನೋಡಿದಳು. ಅಡಿಗೆಮನೆಯ ಮೂಲೆಯಲ್ಲಿ ಉಳ್ಳಾಗಡ್ಡಿ ಬುಟ್ಟಿ ಇತ್ತು. ಏನೂ ಹೇಳದೆ ಎದ್ದು ಬುಟ್ಟಿ ತಂದಳು, ಈಳಿಗೆ ತಂದಳು, ಮಂಚದ ಕಾಲಿನ ಹತ್ತಿರ ನೆಲಕ್ಕೆ ಕೂತಳು. ತಂಬಿಗೆ ಎತ್ತಿ ಬಾಯಿ ತುಂಬ ನೀರು ಹಾಕಿಕೊಂಡಳು.

ನಾನು ಭತ್ತದ ಧಾರಣೆಯಲ್ಲೇ ಇದ್ದೆ. ಅವಳು ಕಣ್ಣಿನಿಂದ ನನಗೆ ಬಾಗಿಲು ತೋರಿಸಿದಳು.

ಹೊರಗೆ ಹೋಗಿ ಹೆದ್ದಾರಿಯ ಹೋಟೆಲಿನಲ್ಲಿ ಚಹಾ ಕುಡಿದೆ. ಪುಣೆಯ ಕಡೆ ಹೋಗುವ ಬಸ್ಸು, ಬೆಂಗಳೂರಿನ ಕಡೆ ಹೋಗುವ ಬಸ್ಸು ನೋಡಿದೆ. ಇನ್ನೊಮ್ಮೆ ಚಹಾ ಕುಡಿದೆ. ತಿರುಗಿ ಬಂದು ಕಿಟಕಿಯಿಂದ ನೋಡಿದರೆ ಅಕ್ಕೋರು ಮಗ್ಗುಲಾಗಿ ಮಲಗಿಕೊಂಡು, ಕೆಳಗೆ ನನ್ನ ಹೆಂಡತಿಯ ನೆತ್ತಿಯ ಕಡೆ ನೋಡುತ್ತ ಮಾತಾಡುತ್ತಿದ್ದರು. ದನಿ ಕೇಳಿಸಲಿಲ್ಲ. ತುಟಿ ಕಂಡವು. ಈಳಿಗೆಯ ಸರಕ್ ಸರಕ್ ಕೇಳಿಸಿತು. ಮತ್ತೆ ಹೋಟೆಲಿಗೆ ಹೋದೆ.

ಸಂತೆಯಿಂದ ಬಂದ ತಮ್ಮನ ಹೆಂಡತಿ ಹೆಚ್ಚಿದ್ದು ತುಂಬಿದ ದೊಡ್ಡ ಪರಾತ ನೋಡಿ, "ಅಯ್ಯ ಯಕ್ಕಾ, ವಾರದ ಉಳ್ಳಾಗಡ್ಡಿ ಎಲ್ಲಾ ಹೆಚ್ಚೀರೆಲ್ರಿ!" ಎಂದು ಹಣೆ ಬಡಿದುಕೊಂಡಳು. ಅಕ್ಕೋರು ಮಲಗಿದ್ದಲ್ಲಿಂದ, "ಝುಣಕ ಮಾಡು" ಎಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು.

ಬಸ್ಸಿನಲ್ಲಿ, "ಏನಂದರು?" ಎಂದು ಕೇಳಿದೆ.

"ಏನಿಲ್ರಿ" ಎಂದಳು. ಊರು ಬರುವ ತನಕ ಕಿಟಕಿಯ ಸರಳು ಹಿಡಿದುಕೊಂಡಿದ್ದಳು.

ಬೇಸಿಗೆಯಲ್ಲಿ ಸುದ್ದಿ ಬಂತು. ಹೋಗಿ ಮಣ್ಣು ಕೊಟ್ಟು ಬಂದೆವು. ಪಕ್ಕದ ಮನೆಗೆ ಬೀಗ ಬಿತ್ತು. ಸಂಜೆ ಈಳಿಗೆಯ ಸದ್ದಿಲ್ಲ. ಓಣಿಯಲ್ಲಿ ಎಲ್ಲರೂ ಮಿಕ್ಸರು, ಡಬ್ಬಿ ಎಂದು ಬೇಗಬೇಗ ಹೆಚ್ಚಿಕೊಂಡು ಬಾಗಿಲು ಹಾಕಿಕೊಳ್ಳತೊಡಗಿದರು. ಅಕ್ಕೋರು ಇದ್ದಾಗ ನಾನು ಅವರ ಮಾತಿನ ಗದ್ದಲಕ್ಕೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಪೇಪರು ಓದುತ್ತಿದ್ದವನು. ಈಗ ಪೇಪರನ್ನು ಮಡಿಚಿಟ್ಟು, ಗೋಡೆಯಾಚೆ ಯಾರಾದರೂ ಒಂದು ನಾಯಿಯನ್ನಾದರೂ ಬೈದಾರೇನೋ ಎಂದು ಕಿವಿಗೊಡುತ್ತಿದ್ದೆ. ಹೆಂಡತಿಯನ್ನು ಮಾತಾಡಿಸಲು ಹಲವು ಪ್ರಯತ್ನ ಮಾಡಿದೆ. ಒಂದೊಂದು ಪ್ರಶ್ನೆಯನ್ನೂ ಪೀಠಿಕೆ ಸಮೇತ ಕೇಳಿದೆ. ಅವಳು "ಹೂಂ" ಎಂದಳು. ಶಿಗ್ಗಾಂವಿನಲ್ಲಿ ಕೇಳಿದ ಆ ಹೂಂ ನಮ್ಮ ಮನೆಗೂ ಬಂದದ್ದು ನೋಡಿ ನನಗೆ ನಿದ್ರೆ ಕೆಟ್ಟಿತು.

ಕಳೆದ ವಾರ ಒಂದು ಸಂಜೆ ಅವಳು ಒಗ್ಗರಣೆ ಮಂಡಕ್ಕಿ ಮಾಡಲು ಎದ್ದಳು.

"ಉಳ್ಳಾಗಡ್ಡಿ ನಾ ಹೆಚ್ಚತೇನಿ" ಎಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ನೀವ? ಬೆರಳ ಹೆಚ್ಕೊಂಡ ಕುಂತ್ರ ಯಾರ ಓಡ್ಯಾಡಬೇಕ್ರಿ ದವಾಖಾನಿಗಿ?"

ಉತ್ತರ ಸಿದ್ಧವಿತ್ತು. ಕೊಡಲಿಲ್ಲ. ತಂಬಿಗೆ ಎತ್ತಿ ಬಾಯಿ ತುಂಬ ನೀರು ಹಾಕಿಕೊಂಡೆ. ಅವಳ ಕೈಯಲ್ಲಿದ್ದ ಮಂಡಕ್ಕಿಯ ಜರಡಿ ಅಲ್ಲೇ ನಿಂತಿತು.

ನೆಲಕ್ಕೆ ಕೂಡಲು ಮೊಳಕಾಲು ಒಪ್ಪಲಿಲ್ಲ. ಗೋಡೆ ಹಿಡಿದು ಹಂತಹಂತವಾಗಿ ಕೂತೆ. ಈಳಿಗೆ ಕಾಲಡಿಯಲ್ಲಿ ಜಾರಿತು. ಮೊದಲ ಹೋಳಿಗೇ ಎರಡೂ ಕಣ್ಣು ಸುರಿಯತೊಡಗಿದವು. ಬಾಯಲ್ಲಿ ನೀರು, ಕಣ್ಣಲ್ಲಿ ನೀರು, ಮೂಗಿನಲ್ಲೂ. ಹೆಂಡತಿ ಒಲೆಯ ಹತ್ತಿರ ನಿಂತು ನೋಡಿದಳು. "ಅಷ್ಟ ದಪ್ಪ ಹೆಚ್ಚಬ್ಯಾಡ್ರಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಬೆರಳ ಹಿಂದ ತಗೋರಿ" ಎಂದಳು. ಆಮೇಲೆ ಒಲೆ ಆರಿಸಿ ಬಂದು ಹೊಸ್ತಿಲಲ್ಲಿ ಕೂತಳು. ನಾನು ಒಂದು ಗಡ್ಡಿಯನ್ನು ಅವಳ ಕಡೆ ಉರುಳಿಸಿದೆ. ಅದನ್ನು ಎತ್ತಿಕೊಂಡಳು.

"ಅವತ್ತ ಶಿಗ್ಗಾಂವಿಯೊಳಗ ಅಕ್ಕೋರು ಏನಂದ್ರ ಗೊತ್ತೇನ್ರಿ?"

ಹುಬ್ಬು ಏರಿಸಿದೆ.

"ಬಾಯಾಗ ನೀರ ಹಿಡ್ಯೂದ ಅವ್ರಿಗಿ ಹೇಳಿಕೊಟ್ಟಾವ್ರು ಅವ್ರ ಮನಿಯವ್ರಂತ. ಲಗ್ನಾದ ಹೊಸದಾಗ. ದಿನಾ ಬಸ್ ಹೊಡದ ದಣಕೊಂಡ ಬರೋರಂತ. ಬಂದ ಕೂಡ್ಲೆ ಅಕ್ಕೋರು ಸಾಲಿ ಸುದ್ದಿ, ಹುಡ್ರ ಸುದ್ದಿ, ಬಾಜು ಮನಿ ಸುದ್ದಿ ಎಲ್ಲಾ ತಗಿಯೋರಂತ. ಆ ಮನಷ್ಯಾಗ ಒಂದ ಮಾತ ಆಡಾಕ ಸಂದ ಸಿಗ್ತಿದ್ದಿಲ್ಲಂತ. ಒಂದಿನ ಅಂದ್ರಂತ, 'ಬಾಯಿ ತುಂಬ ನೀರ ಹಿಡ್ಕೊಂಡ ಉಳ್ಳಾಗಡ್ಡಿ ಹೆಚ್ಚ, ಕಣ್ಣಾಗ ನೀರ ಬರೂದಿಲ್ಲ.' ಅಕ್ಕೋರು ಹಿಡ್ಕೊಂಡ್ರು. ಹಿಡ್ಕೊಂಡ್ರೋ ಇಲ್ಲೋ, ಅವ್ರು ಹೊಚ್ಚಲದಾಗ ಕುಂತ ಮಾತಾಡಾಕ ಚಾಲೂ ಮಾಡಿದ್ರಂತ. ದಾರ್ಯಾಗ ಕಂಡ ಮಂದಿ ಸುದ್ದಿ. ತಾವು ಸಣ್ಣಾವರಿದ್ದಾಗ ಅವ್ವನ ಕಳಕೊಂಡ ಸುದ್ದಿ. ಯಾರಿಗೂ ಹೇಳಿದ್ದಿಲ್ಲಂತ ಅದನ್ನ."

ಸಿಪ್ಪೆಯ ಒಂದು ಪದರು ಬಿಚ್ಚಿದಳು.

"ಅಕ್ಕೋರ ಕಣ್ಣಾಗ ದಳದಳ ನೀರ ಬಂದಿದ್ವಂತ. ಉಳ್ಳಾಗಡ್ಡಿಗಿ ಇದೇನ ಔಷಧ ಅಲ್ಲ ಅಂತ ಅವತ್ತ ತಿಳೀತಂತ. ಆದ್ರ ಉಗಳಲಿಲ್ಲಂತ. ಮರುದಿನಾನೂ ಹಿಡ್ಕೊಂಡ ಕುಂತ್ರಂತ. ಅವ್ರು ಇರೂ ತನಕ ಹಂಗ ನಡೀತಂತ. ಅವ್ರು ಹ್ವಾದ ಮ್ಯಾಲೆ ಒಬ್ರ ಕುಂತ ಹೆಚ್ಚಿದ್ರ ಕಣ್ಣೀರ ತಡೀತಿದ್ದಿಲ್ಲಂತ, ನೀರ ಹಿಡದ್ರೂ. ಯಾರರ ಬಂದ ಹೊಚ್ಚಲದಾಗ ಕುಂತ ಮಾತಾಡಿದ್ರ ಬರ್ತಿದ್ದಿಲ್ಲಂತ. 'ಯಾಕೋ ಏನೋ ತಂಗೀ, ನನಗೂ ತಿಳೀಲಿಲ್ಲ' ಅಂದ್ರು."

ನನ್ನ ಕೈ ನಿಂತಿತ್ತು. ಅವಳ ಮಾತೂ ನಿಂತಿತು. ನೆನಪಾಗಿ ಸರಕ್ ಎಂದು ಒಂದು ಹೋಳು ಹೆಚ್ಚಿದೆ.

"ನಾ ಏನೂ ಅನ್ನಲಿಲ್ರಿ ಅವ್ರಿಗಿ. ಬಾಯಾಗ ನೀರಿತ್ತು. ಉಗಳಿ ಒಂದ ಮಾತ ಹೇಳಬೇಕಿತ್ತು ಅಂತ ಇಷ್ಟದಿನ ಕೊರೀತೈತ್ರಿ. 'ನೀವಿದ್ದೀರಂತ ನಾ ಈ ಊರಾಗ ಬಾಳೇ ಮಾಡಿದೆ ಅಕ್ಕೋರ' ಅಂತ. ಇಷ್ಟ. ಹೇಳಲಿಲ್ಲ. ಬಸ್ ಹತ್ತಿದೆ."

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಒಳ್ಳೆಯ ಉತ್ತರವೇ. ಅಕ್ಕೋರಿಗೆ ಅದು ಹೇಳದೆಯೇ ಗೊತ್ತಿತ್ತು, ಆ ದಿನ ಅವರಿಗೆ ಬೇಕಾದದ್ದು ಉತ್ತರವಲ್ಲ, ಇತ್ಯಾದಿಯಾಗಿ ಸಕಾರಣವಾಗಿ ಹೇಳಬಹುದಾಗಿತ್ತು. ಗುಟುಕರಿಸಿದರೆ ಬಾಯಿ ಖಾಲಿ. ಗಂಟಲ ತನಕ ಬಂದಿತ್ತು. ತಡೆದೆ.

ಅವಳು ಅತ್ತಳು. ಸುಲಿದ ಉಳ್ಳಾಗಡ್ಡಿ ಕೈಯಲ್ಲೇ ಇತ್ತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ತಾಟು ನೋಡಿ, "ಸಾಕ್ರಿ. ಮಂಡಕ್ಕಿಗಿ ಎಷ್ಟ ಬೇಕಾಗ್ತಾವ?" ಎಂದಳು.

ನಾನು ಬುಟ್ಟಿಯಿಂದ ಇನ್ನೊಂದು ತೆಗೆದುಕೊಂಡೆ.

ಏಳಲು ಹೊರಟವಳು ಮತ್ತೆ ಕೂತಳು. "ನಾವು ಈ ಊರಿಗಿ ಬಂದ ಹೊಸದಾಗ, ನೀವ ಕೋರ್ಟಿಗಿ ಹ್ವಾದ ಮ್ಯಾಲೆ..." ಎಂದು ಶುರು ಮಾಡಿದಳು. ಇಷ್ಟು ವರ್ಷ ಗೋಡೆಯಾಚೆಯ ಆ ಕರಿಬೇವಿಗಷ್ಟೇ ಗೊತ್ತಿದ್ದ ಸುದ್ದಿಗಳು ಒಂದೊಂದಾಗಿ ಬಂದವು. ಅವು ಏನೇನೆಂದು ಇಲ್ಲಿ ಬರೆಯುವ ಹಾಗಿಲ್ಲ. ಹೊರಗೆ ಕತ್ತಲಾಯಿತು. ನನ್ನ ಕಣ್ಣೀರು ಯಾವಾಗ ನಿಂತಿತೋ ನೋಡಿಕೊಳ್ಳಲಿಲ್ಲ.

ಬುಟ್ಟಿ ಖಾಲಿಯಾದ ಮೇಲೆ ಗೋಡೆ ಹಿಡಿದು ಎದ್ದೆ. ಹಿತ್ತಿಲಿಗೆ ಹೋಗಿ, ನಮ್ಮ ಕಡೆ ಬಾಗಿದ ಕರಿಬೇವಿನ ನೆರಳಿನಲ್ಲಿ, ಗೋಡೆಯ ಬುಡಕ್ಕೆ ನೀರು ಉಗುಳಿದೆ. ಒಳಗೆ ಬಂದು ನನ್ನ ಸಿದ್ಧ ಉತ್ತರವನ್ನು ಬದಿಗಿಟ್ಟು, "ಮಂಡಕ್ಕಿ ಮೆತ್ತಗಾದುವು ಕಾಣಸ್ತೈತಿ" ಎಂದೆ.

"ಮಂಡಕ್ಕಿ ಯಾರಿಗಿ ಬೇಕ್ರಿ ಈಗ? ಇಷ್ಟ ಹೆಚ್ಚೀರಿ" ಎಂದಳು. ಕಡಲೆಹಿಟ್ಟಿನ ಡಬ್ಬಿ ತೆಗೆದಳು.

ಬಟ್ಟಲು ಹಿಡಿದುಕೊಂಡು ಮನೆಮನೆಗೆ ನಾನೇ ಹೋದೆ. ದರ್ಜಿಯ ಹೆಂಡತಿ ಬಾಗಿಲು ತೆರೆದು ಬಟ್ಟಲಿನ ಮುಚ್ಚಳ ಎತ್ತಿದಳು. ವಾಸನೆ ನೋಡಿದಳು. ನನ್ನ ಕೆಂಪು ಕಣ್ಣು ನೋಡಿದಳು. ನಮ್ಮ ಮನೆಯ ಕಡೆ ಒಮ್ಮೆ ನೋಡಿದಳು. ಬಟ್ಟಲನ್ನು ಎದೆಗೆ ಹಿಡಿದುಕೊಂಡಳು.

"ನಾಳೆನೂ ಹೆಚ್ಚೂದ ಐತೇನ್ರಿ, ಸಾಹೇಬ್ರ?" ಎಂದಳು.